ಅರ್ಧ ಗೇಣು

ಬೆಳಿಗ್ಗೆ ಎದ್ದ ಕೂಡಲೇ ಅವಳು ಕನ್ನಡಕಕ್ಕೆ ಕೈ ಹಾಕುವುದಿಲ್ಲ. ಕಿಟಕಿ, ಬಾಗಿಲು, ಕಪಾಟು ಎಲ್ಲವೂ ನೀರಿನಲ್ಲಿ ಕದಡಿದ ಬಣ್ಣದ ಹಾಗಿರುತ್ತವೆ. ಇರಲಿ ಎಂದು ಗೋಡೆ ಸವರಿಕೊಂಡು ಮೊಳೆಯವರೆಗೆ ಹೋಗುತ್ತಾಳೆ. ಅಲ್ಲಿ ಗಂಡನ ಕಂದು ಅಂಗಿ ತೂಗುತ್ತಿರುತ್ತದೆ. ಅದರ ಜೇಬನ್ನು ಮೂಗಿನ ಹತ್ತಿರಕ್ಕೆ ತಂದು, ಅಂಚಿನಲ್ಲಿ ತಾನೇ ಹಿಂದೊಮ್ಮೆ ಮಾಡಿದ್ದ ರಫುವನ್ನು ಹುಡುಕುತ್ತಾಳೆ. ಸಿಕ್ಕಿದ ಮೇಲೆ "ಇದೆ" ಎಂದು ಒಂದೇ ಮಾತು. ಆಮೇಲೆ ಕನ್ನಡಕ, ಆಮೇಲೆ ಮುಖ ತೊಳೆಯುವುದು, ದೇವರಿಗೆ ಕೈ ಮುಗಿಯುವುದು. ಮೈ ಸುಡುವ ಜ್ವರ ಬಂದ ದಿನವೂ ಇದು ತಪ್ಪಿಲ್ಲ.

ಬೀದಿಯವರಿಗೆಲ್ಲ ಅವಳು ರಫು ಅಕ್ಕ. ಇಲಿ ಕಡಿದ ಕೋಟು, ಇಸ್ತ್ರಿಯಲ್ಲಿ ಸುಟ್ಟ ಪ್ಯಾಂಟು, ಮೊಳೆಗೆ ಸಿಕ್ಕಿ ಸೀಳಿದ ಶಾಲು, ಏನೇ ಬರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ತೆಗೆದು, ತೂತಿನ ಮೇಲೆ ಅಡ್ಡ ಉದ್ದ ಹೆಣೆದು, ಹರಿದಿತ್ತು ಅನ್ನುವ ಸುಳಿವೇ ಸಿಗದ ಹಾಗೆ ಮಾಡಿ ಕೊಡುತ್ತಾಳೆ. ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿಯಲ್ಲಿ, ಇಸ್ತ್ರಿಯ ಹಬೆ ತಾಗುವಷ್ಟು ಹತ್ತಿರದಲ್ಲಿ ಅವಳದೊಂದು ಸ್ಟೂಲು. ಶಾಲೆಯಲ್ಲಿ ಸೋಡಾಬುಡ್ಡಿ ಎಂದು ಕೂಗಿದವರೇ ಈಗ ಹರಿದ ಕೋಟು ಹಿಡಿದು ಬಂದು "ಅಕ್ಕ, ಇದೊಂದು ನೋಡಿ" ಎಂದು ಹಲ್ಲು ಗಿಂಜುತ್ತಾರೆ.

ಎರಡು ಕಣ್ಣಿಗೂ ಮೈನಸ್ ಎಂಟು. ಕೆಲಸಕ್ಕೆ ಕೂತಾಗ ಮಾತ್ರ ಕನ್ನಡಕವನ್ನು ಹಣೆಗೇರಿಸುತ್ತಾಳೆ. ಬರಿಗಣ್ಣಿಗೆ ಅವಳ ಲೋಕ ಅರ್ಧ ಗೇಣಿಗೆ ಮುಗಿಯುತ್ತದೆ. ಆದರೆ ಆ ಅರ್ಧ ಗೇಣಿನೊಳಗೆ ಒಂದೊಂದು ಎಳೆಯೂ ಹಗ್ಗದ ಹಾಗೆ ಕಾಣುತ್ತದೆ. ದೇವರು ಒಂದು ಕೈಯಲ್ಲಿ ಕಿತ್ತುಕೊಂಡರೂ ಇನ್ನೊಂದು ಕೈಯಲ್ಲಿ ಇಷ್ಟು ಕೊಟ್ಟಿದ್ದಾನೆ ಎಂದು ಅವಳ ಲೆಕ್ಕ.

ಬಟ್ಟೆಯನ್ನು ಬಿಟ್ಟರೆ ಆ ಅರ್ಧ ಗೇಣಿನೊಳಗೆ ಬಂದದ್ದು ಅವಳ ಗಂಡ ಒಬ್ಬನೇ. ಅವನು ಲಿಫ್ಟ್ ಮೆಕ್ಯಾನಿಕ್. "ಜನರನ್ನ ಮೇಲಕ್ಕೆ ಕಳಿಸೋದು ನನ್ನ ಕೆಲಸ, ಆದ್ರೆ ವಾಪಸ್ಸೂ ತರ್ತೀನಿ" ಎಂದು ಎಲ್ಲರನ್ನೂ ನಗಿಸುತ್ತಿದ್ದ. ಮಕ್ಕಳಾಗಲಿಲ್ಲ. ಅದನ್ನು ನೆನೆದು ಅತ್ತದ್ದೂ ಉಂಟು, ಆಮೇಲೆ ಸಮಾಧಾನ ಮಾಡಿಕೊಂಡದ್ದೂ ಉಂಟು. ಬೆಳಗಿನ ಹೊತ್ತು, ಅವಳು ಕನ್ನಡಕವಿಲ್ಲದೆ ಮಲಗಿರುವಾಗ, ಅವನು ಮುಖ ಹತ್ತಿರ ತಂದು ಕೀಟಲೆ ಮಾಡುತ್ತಿದ್ದ.

"ನಾನು ನಿನಗೆ ಕಂತು ಕಂತಾಗಿ ಕಾಣ್ತೀನಿ ಕಣೇ. ಮೊದಲು ಮೂಗು, ಆಮೇಲೆ ಮೀಸೆ. ಇನ್ನೇನು ಬಾಕಿ?"

"ಕಿವಿ ಬಾಕಿ. ಹತ್ತಿರ ತನ್ನಿ, ಹಿಂಡ್ತೀನಿ."

ಒಂದು ಮಾತನ್ನು ಮಾತ್ರ ಅವನು ನಗದೆ ಹೇಳುತ್ತಿದ್ದ. "ಇನ್ನೊಂದು ಜೊತೆ ಕನ್ನಡಕ ಮಾಡಿಸಿಟ್ಕೋ. ಲಿಫ್ಟನ್ನ ಯಾರೂ ಒಂದೇ ಹಗ್ಗಕ್ಕೆ ನೇತುಹಾಕಲ್ಲ."

"ಇರೋದೇ ಎರಡು ಕಣ್ಣು, ನಾಲ್ಕು ಗಾಜು ಯಾಕೆ? ಮುಂದಿನ ತಿಂಗಳು ನೋಡೋಣ ಬಿಡಿ" ಎನ್ನುತ್ತಿದ್ದಳು. ಆ ಮುಂದಿನ ತಿಂಗಳು ಎಂಟು ವರ್ಷ ಮುಂದೆ ಮುಂದೆ ಹೋಯಿತು.

ಎರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಅಂಗಡಿಗೆ ಫೋನು ಬಂತು. ಕೆಲಸದ ಜಾಗದಲ್ಲಿ ಅವನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದಾರೆ. ಸೂಜಿ ಚುಚ್ಚಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಓಡಿದಳು. ಮೆಟ್ಟಿಲ ಮೇಲೆ ಮುಗ್ಗರಿಸಿದಾಗ ಹಣೆಯ ಮೇಲಿದ್ದ ಕನ್ನಡಕ ಜಾರಿ ಬಿತ್ತು. ಅದರ ಮೇಲೆ ಬಿದ್ದದ್ದು ಅವಳದೇ ಕಾಲು.

ಆಸ್ಪತ್ರೆಯ ಬಾಗಿಲಲ್ಲಿ ಯಾರೋ "ಒಳಗೆ, ಕಿಟಕಿ ಪಕ್ಕದ ಮಂಚ" ಎಂದರು. ಉದ್ದನೆಯ ಕೋಣೆ, ಬಿಳಿ ಬಿಳಿ ರಾಶಿಗಳು. ಬೆಳಕು ಕಂಡ ಕಡೆಗೆ ನಡೆದು, ಮಂಚ ತಡವಿ, ಕೈ ಹಿಡಿದು ಕೂತಳು. "ಬಂದೆ, ಹೆದರ್ಬೇಡಿ, ಬಂದೆ" ಎಂದಳು. ಆ ಕೈ ಅವಳ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಎಷ್ಟು ಹೊತ್ತು ಹಾಗೆ ಕೂತಳೋ. ಮಾತಿಗೆ ಮಾತು ಬಾರದಿದ್ದಾಗ ಬಗ್ಗಿ, ಅರ್ಧ ಗೇಣಿಗೆ ಮುಖ ತಂದು ನೋಡಿದಳು. ಹುಬ್ಬು ಬೇರೆ. ಮೂಗು ಬೇರೆ. ಯಾರೋ ಮುದುಕ, ಬಾಯಿಗೆ ಆಕ್ಸಿಜನ್ ಮುಚ್ಚಳ ಹಾಕಿಸಿಕೊಂಡವನು, ತನ್ನವರು ಯಾರೋ ಬಂದರೆಂದು ಅಳುತ್ತಿದ್ದ.

ಆ ಕೋಣೆಗೆ ಕಿಟಕಿ ಎರಡು.

ನರ್ಸು ಬಂದು ತೋಳು ಹಿಡಿದು ಆಚೆ ಕಿಟಕಿಗೆ ಕರೆದುಕೊಂಡು ಹೋದಳು. ನಡುವೆ ಹತ್ತು ಹೆಜ್ಜೆ. ರಫು ಅಕ್ಕ ಬಗ್ಗಿದಳು. ಮೂಗು, ಮೀಸೆ, ಕಿವಿಯ ಹಿಂದೆ ಒರೆಸದೆ ಉಳಿದಿದ್ದ ಗ್ರೀಸಿನ ಕಲೆ, ರೆಪ್ಪೆಯ ಒಂದೊಂದು ಕೂದಲು, ಎಲ್ಲ ಕಂತೂ ಒಟ್ಟಿಗೆ ಕಂಡವು. ಮೈ ಇನ್ನೂ ಬೆಚ್ಚಗಿತ್ತು.

"ಈಗಷ್ಟೇ ಅಕ್ಕ" ಎಂದಳು ನರ್ಸು. "ನೀವು ಒಳಗೆ ಬಂದಿದ್ದನ್ನ ನೋಡಿದ್ರು. ಕೈ ಎತ್ತಿದ್ರು."

ಆ ಎತ್ತಿದ ಕೈ ಅವಳಿಗೆ ಕಂಡಿರಲಿಲ್ಲ. ಅಷ್ಟೇ ಕತೆ. ಅಷ್ಟನ್ನು ಯಾರಿಗೂ ಹೇಳದೆ ಎರಡು ವರ್ಷ ನುಂಗಿಕೊಂಡು ಕೂತಳು. ಒಂದು ದಿನ ತಂಗಿಯ ಮುಂದೆ ಕಟ್ಟೆಯೊಡೆಯಿತು. ತಂಗಿ ಆಫೀಸಿನಲ್ಲಿ ಕೆಲಸ ಮಾಡುವವಳು, ತಾನೂ ಸೋಡಾಬುಡ್ಡಿಯಾಗಿದ್ದು ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಆರು ವರ್ಷವಾಗಿತ್ತು.

"ಆ ಹಾಳು ಗಾಜನ್ನ ಎತ್ತಿ ಬಿಸಾಕು ಅಕ್ಕ. ಕಾಲು ಗಂಟೆ ಕೆಲಸ. ನಾನು ಮಾಡಿಸ್ತೀನಿ, ರಜೆ ಹಾಕಿ ನಿನ್ನ ಜೊತೆ ಇರ್ತೀನಿ" ಎಂದಳು.

ಅಕ್ಕ ಹೂಂ ಎಂದಳು. ಚೆನ್ನಾಗಿ ಕಾಣಲಿ ಎಂಬ ಆಸೆಗಿಂತ, ಈ ಕಣ್ಣಿಗೆ ತಕ್ಕ ಶಾಸ್ತಿಯಾಗಲಿ ಎಂಬ ಮನಸ್ಸೇ ಅದರಲ್ಲಿ ಹೆಚ್ಚಿತ್ತು.

ಕಣ್ಣಾಸ್ಪತ್ರೆಯಲ್ಲಿ ಗದ್ದ ಊರಿಸಿ ಕೂರಿಸಿದರು, ಹಸಿರು ದೀಪ ನೋಡಿ ಎಂದರು, ಕೆಂಪು ದೀಪ ನೋಡಿ ಎಂದರು. ಕಣ್ಣಿನ ಪದರದ ದಪ್ಪ ಅಳೆದರು, ಕಣ್ಣೀರು ಸಾಕಷ್ಟಿದೆಯೇ ಎಂದು ಒಂದು ಕಾಗದದ ಚೂರಿಟ್ಟು ನೋಡಿದರು. "ಅದಕ್ಕೇನೂ ಕೊರತೆಯಿಲ್ಲ" ಎಂದಳು ರಫು ಅಕ್ಕ. ತಂಗಿ ಮಾತ್ರ ನಗಲಿಲ್ಲ.

ಡಾಕ್ಟರಮ್ಮ ಅವಸರದವರಲ್ಲ. ಕಾಗದವನ್ನೆಲ್ಲ ತಿರುವಿ ಹಾಕಿ ಕೇಳಿದರು. "ವಯಸ್ಸು ನಲವತ್ತಾರು ಅಲ್ವಾ? ಕೆಲಸ?"

ಅವಳು ಹೇಳಿದಳು. ಕನ್ನಡಕ ತೆಗೆದು ತೋರಿಸಿದಳು, ಹೀಗೆ ಹಿಡಿಯುತ್ತೇನೆ ಎಂದು.

"ನೋಡಿಮ್ಮ, ಮಾಡಬಹುದು. ಕಣ್ಣು ತಡೆಯುತ್ತೆ. ದೂರದ್ದು ಚೆನ್ನಾಗಿ ಕಾಣುತ್ತೆ. ಆದ್ರೆ ಈಗ ಬರಿಗಣ್ಣಲ್ಲಿ ಹತ್ತಿರದ್ದು ನೋಡ್ತೀರಲ್ಲ, ಅದು ಹೋಗುತ್ತೆ. ಈ ವಯಸ್ಸಿಗೆ ಹತ್ತಿರಕ್ಕೆ ಕನ್ನಡಕ ಬೇಕಾಗುತ್ತೆ. ಒಂದು ಸಲ ಮಾಡಿದ್ಮೇಲೆ ವಾಪಸ್ಸು ಇಲ್ಲ." ಕಾಗದ ಬದಿಗೆ ಸರಿಸಿ ಕೇಳಿದರು, "ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಕನ್ನಡಕದಿಂದ ಎಲ್ಲಿ ತೊಂದರೆ ಆಯ್ತು?"

ರಫು ಅಕ್ಕ ಎರಡು ಕಿಟಕಿಗಳ ಕತೆ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು. ಕೊನೆಗೆ ಮೆತ್ತಗೆ ಹೇಳಿದರು. "ಅವತ್ತು ನಿಮಗೆ ಬೇಕಾಗಿದ್ದದ್ದು ಆಪರೇಷನ್ ಅಲ್ಲಮ್ಮ. ಇನ್ನೊಂದು ಜೊತೆ ಕನ್ನಡಕ."

ಅವರು ಸಮಾಧಾನಕ್ಕೆಂದೇ ಹೇಳಿದ ಮಾತು. ಅದು ಎಲ್ಲಿ ಹೋಗಿ ನಾಟಿತು ಎಂದು ಅವರಿಗೆ ಗೊತ್ತಾಗುವ ಹಾಗಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಕ್ಕ ತಂಗಿ ಕೂತರು.

"ಹತ್ತಿರಕ್ಕೆ ಒಂದು ಕನ್ನಡಕ ಹಾಕ್ಕೊಂಡ್ರಾಯ್ತು ಅಕ್ಕ. ಎಲ್ಲರೂ ಹಾಕಲ್ವಾ? ನಿನ್ನ ರಫು ಎಲ್ಲಿಗೂ ಓಡಿಹೋಗಲ್ಲ."

"ರಫುಗೆ ಆಗುತ್ತೆ ಕಣೇ. ಭೂತಗನ್ನಡಿ ಇಟ್ಕೊಂಡಾದ್ರೂ ಮಾಡ್ತೀನಿ." ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಇಷ್ಟು ದಿನ ಈ ಕಣ್ಣಿಗೆ ಶಾಪ ಹಾಕಿದೆ. ತಪ್ಪು ಕಣ್ಣಿನದಲ್ವಂತೆ. ಕೊನೇ ಸಲ ಅವರು ಪೂರ್ತಿ ಕಂಡಿದ್ದೂ ಈ ಬರಿಗಣ್ಣಿಗೇ. ಇದನ್ನೂ ಕಳೆದುಬಿಟ್ರೆ ಬೆಳಿಗ್ಗೆ ಎದ್ದು ಯಾವುದರಲ್ಲಿ ನೋಡಲಿ?"

"ಆದ್ರೆ ಅಕ್ಕ, ಮುಂದೆ ಎಲ್ಲಾದ್ರೂ..."

"ಆ ಹತ್ತು ಹೆಜ್ಜೆನ ಇನ್ನು ಯಾವ ಲೇಸರ್ರೂ ನಡೆಸಿಕೊಡಲ್ಲಮ್ಮ. ಬೇಡ."

ತಂಗಿ ಮೂಗು ಒರೆಸಿಕೊಂಡಳು. "ಮೊಂಡುತನಕ್ಕೆ ನಿನ್ನ ಬಿಟ್ರೆ ಇಲ್ಲ" ಎಂದು ಗೊಣಗಿ, ಅಕ್ಕನ ಬೆನ್ನು ಸವರಿದಳು. ಆಸ್ಪತ್ರೆಯ ಮೆಟ್ಟಿಲಿಳಿದರೆ ಎದುರಿಗೇ ಕನ್ನಡಕದ ಅಂಗಡಿ. ಗಾಜಿನ ಹಿಂದೆ ಸಾಲು ಸಾಲು ಫ್ರೇಮುಗಳು.

"ಬಾ, ಹಾಗಾದ್ರೆ ಇನ್ನೊಂದು ಜೊತೆನಾದ್ರೂ ಮಾಡಿಸಿ ಕೊಡ್ತೀನಿ. ಡಾಕ್ಟರಮ್ಮ ಬರೆದುಕೊಟ್ಟ ನಂಬರಿನ ಚೀಟಿ ಹೇಗೂ ಕೈಯಲ್ಲೇ ಇದೆ. ಇದಕ್ಕಾದ್ರೂ ಇಲ್ಲ ಅನ್ಬೇಡ."

ರಫು ಅಕ್ಕ ಅಂಗಡಿಯ ಬಾಗಿಲಲ್ಲಿ ನಿಂತಳು. ತಂಗಿಯ ಕೈಯಿಂದ ಚೀಟಿಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ನೀನು ಮಾಡಿಸಬೇಡ ಕಣೇ" ಎಂದಳು. "ಅವರು 'ಮಾಡಿಸಿಟ್ಕೋ' ಅಂದಿದ್ದು ನನಗೆ."