ಲಿಂಬೆ ನೆಲಕ್ಕೆ ತಾಗಿದ ಲಾರಿ

ವಾಶಿಯ ಸಗಟು ಮಾರುಕಟ್ಟೆಯಿಂದ ಡೊಂಬಿವಲಿಯ ನಮ್ಮ ಹೋಟೆಲಿಗೆ ತರಕಾರಿ ಹೊತ್ತು ಮುದಿಯಾದ ಲಾರಿ ಒಂದು ದಿನ ಇದ್ದಕ್ಕಿದ್ದಂತೆ ಬಾವನ ಕಣ್ಣಿಗೆ ‘ಕ್ಲಾಸಿಕ್’ ಆಗಿ ಕಂಡಿತು. ನೆಲಕ್ಕೆ ಮೂತಿ ತಾಗಿಸಿಕೊಂಡು ಓಡುವ ಯಾವುದೋ ದೇಶದ ಲಾರಿಗಳನ್ನು ಅವರು ಮೊಬೈಲಿನಲ್ಲಿ ನೋಡಿದ್ದರು; ನಮ್ಮದನ್ನೂ ಹಾಗೆ ಮಾಡಿಸಬೇಕೆಂದರು. ಡೊಂಬಿವಲಿಯ ರಸ್ತೆಯೇ ಗುಂಡಿ ಬಿದ್ದು ದಿನದಿನಕ್ಕೆ ತಗ್ಗುತ್ತಿರುವಾಗ ಲಾರಿಯನ್ನೂ ತಗ್ಗಿಸಬೇಕೇ ಎಂದು ಕೇಳಿದೆ.

“ನಿಂಗೆ ಸ್ಟೈಲ್ ಅಂದ್ರೆ ಎಂತ ಗೊತ್ತುಂಟು ಮಾರಾಯ?” ಎಂದರು.

ಅಂಬರನಾಥದ ಗ್ಯಾರೇಜಿಗೆ ಹೋಗಿ, ಮುಂದಿನ ಚಕ್ರಗಳ ಮೇಲೆ ಲಾರಿಯನ್ನು ಎತ್ತಿ ಹಿಡಿಯುವ ಕಮಾನು ಪಟ್ಟಿಗಳಲ್ಲಿ ಒಂದಿಷ್ಟನ್ನು ಬಿಚ್ಚಿಸಿ ತಂದರು. ಲಾರಿ ಹೋಟೆಲಿನ ಮುಂದೆ ಸಾಷ್ಟಾಂಗಕ್ಕೆ ಹೊರಟಂತೆ ಬಗ್ಗಿ ನಿಂತಿತು. ಪೂಜೆಯಾಯಿತು. ದೃಷ್ಟಿಯಾಗದಿರಲೆಂದು ಬಂಪರಿಗೆ ಕಟ್ಟಿದ ಲಿಂಬೆ-ಮೆಣಸು ನೇತಾಡುವ ಬದಲು ನೆಲದ ಮೇಲೆ ಮಲಗಿತು. ಬೇರೆ ಯಾರಾದರೂ ಆಗಿದ್ದರೆ ಲಾರಿಯನ್ನು ಎತ್ತರಿಸುತ್ತಿದ್ದರು. ಬಾವ ದಾರವನ್ನು ಗಿಡ್ಡ ಮಾಡಿದರು.

ಹೊರಟ ಲಾರಿ ಬೀದಿಯ ಮೊದಲ ಸ್ಪೀಡ್ ಬ್ರೇಕರಿಗೇ ಮೂತಿ ಊರಿ ಕೂತುಬಿಟ್ಟಿತು. ಹಿಂದೆ ರಿಕ್ಷಾಗಳ ಹಾರ್ನ್, ಮೇಲೆ ಬಾಲ್ಕನಿಗಳ ತುಂಬ ಜನ. ಲಿಂಬೆ ಬಂಪರಿನಡಿ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಯಾರ ಕಣ್ಣೂ ಬೀಳಬಾರದೆಂದಿದ್ದ ಲಾರಿಯನ್ನು ಇಡೀ ಡೊಂಬಿವಲಿ ನಿಂತು ನೋಡುತ್ತಿತ್ತು.