ವಿಚಾರಿಸಲು ಬಂದವಳು

ನಾನು ಓದುತ್ತಿದ್ದದ್ದು ಕುಟುಂಬ ಮತ್ತು ಸಮುದಾಯ ಸೇವೆ. ‘ಅದಕ್ಕೂ ಡಿಗ್ರಿ ಬೇಕಾ?’ ಎಂದು ನೆಂಟರು ನಗುತ್ತಿದ್ದರು. ಎರಡನೇ ವರ್ಷದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಮನೆ ಗೊತ್ತುಮಾಡುತ್ತಿದ್ದರು. ಆಗಾಗ ಹೋಗಿ, ಮಾತಾಡಿಸಿ, ಆ ಮನೆ ಹೇಗೆ ನಡೆಯುತ್ತದೆಂದು ತಿಳಿದುಕೊಳ್ಳಬೇಕು. ನನಗೆ ಸಿಕ್ಕಿದ್ದು ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆಗಿದ್ದ ತಾಯಿ, ಮಗಳು. ಬಾಗಲಕೋಟೆ ಕಡೆಯವರು. ತಾಯಿ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಮಾಡುತ್ತಿದ್ದರು, ಮಗಳು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದಳು.

ಮೊದಲ ದಿನವೇ ಏನೋ ಸರಿಯಿಲ್ಲ ಅನ್ನಿಸಿತು. ಮನೆ ವಿಪರೀತ ಒಪ್ಪವಾಗಿತ್ತು. ಹಾಸಿಗೆಯ ಮೇಲೆ ಅಂಗಡಿಯ ಮಡಿಕೆ ಬಿಡದ ಹೊಸ ಚಾದರ. ಆಗಷ್ಟೇ ಕೆಲಸದಿಂದ ಬಂದಿದ್ದ ಮಗಳು ರೇಷ್ಮೆ ಸೀರೆಯಲ್ಲಿದ್ದಳು. ಅಡುಗೆ ಯಾರು ಮಾಡುತ್ತಾರೆ, ಜಗಳವಾದರೆ ಯಾರು ಮೊದಲು ಮಾತಾಡಿಸುತ್ತಾರೆ, ಏನು ಕೇಳಿದರೂ ಉತ್ತರ ತಾಯಿಯದೇ.

‘ನಮ್ಮ ಹುಡುಗಿಗ ಸಿಟ್ಟ ಅನ್ನೂದ ಗೊತ್ತಿಲ್ರಿ.’

ಮಗಳು ನೆಲ ನೋಡುತ್ತಿದ್ದಳು.

ಕೆಳಗಿನ ಮನೆಯ ಓನರ್ ಆಂಟಿ, ಆ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಮನೆತನದವರು, ನನ್ನನ್ನು ಗೇಟಿನಲ್ಲೇ ನಿಲ್ಲಿಸಿಕೊಂಡರು. ‘ಬಂಗಾರದಂಥ ಹುಡುಗಿ ಕಣಮ್ಮ. ಮೆಟ್ಲು ಹತ್ತೋದೇ ಕೇಳ್ಸಲ್ಲ. ನಮ್ಮನೇಲೂ ಒಬ್ಳು ಸೊಸೆ ಇದಾಳೆ, ನಡೆದ್ರೆ ಗೋಡೆ ನಡುಗುತ್ತೆ.’

ಆ ಹುಡುಗಿಯ ಬಗ್ಗೆ ನಾನು ಏನೂ ಕೇಳಿರಲಿಲ್ಲ. ಕೇಳದೆಯೇ ಹೊಗಳುತ್ತಾರೆಂದರೆ ಯಾವುದನ್ನೋ ಮುಚ್ಚುತ್ತಿರಬೇಕು. ಹೊಡೆತವೇ? ಬೆದರಿಕೆಯೇ? ಮುಂದಿನ ಭೇಟಿಗಳಲ್ಲಿ ನಾನು ಅವಳ ಕೈಗಳನ್ನು, ಕತ್ತನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ. ತಾಯಿ ನನ್ನ ಕಣ್ಣುಗಳನ್ನು ನೋಡುತ್ತಿದ್ದರು.

ಒಂದು ಸಂಜೆ ನಾನು ಹೊರಟಾಗ ಹುಡುಗಿ ಮೆಟ್ಟಿಲ ತಿರುವಿನವರೆಗೂ ಹಿಂದೆಯೇ ಬಂದಳು.

‘ಅಕ್ಕಾರ, ಅವರ ಮುಂದ ಏನ್ ಹೇಳ್ತೀರಿ?’

‘ಯಾರ ಮುಂದೆ?’

‘ಗಂಡಿನ ಮನಿಯವರ ಮುಂದ. ಅವರು ಹೂಂ ಅಂದಾರ. ನಿಶ್ಚಯಕ್ಕ ಮೊದಲ ನಿಮ್ಮನ್ನ ಕಳಿಸ್ಯಾರಂತ ನಮಗ ಗೊತ್ತೈತ್ರಿ.’ ಅವಳು ದನಿ ತಗ್ಗಿಸಿದಳು. ‘ನಾ ಬಾಯಿಬಡಕಿ ಅಂತ ಹೇಳ್ರಿ. ಅಡುಗಿ ಬರಂಗಿಲ್ಲ ಅನ್ರಿ. ನನಗ ಈ ಸಂಬಂಧ ಬ್ಯಾಡ. ಅವ್ವ ಕೇಳವಲ್ಲಳು.’

ಹೆಣ್ಣು ನೋಡಿ ಹೋದವರು ಆಮೇಲೆ ಯಾರನ್ನೋ ಗುಟ್ಟಾಗಿ ಕಳಿಸಿ ಮನೆಯ ನಡೆನುಡಿ ವಿಚಾರಿಸುವುದು ನನಗೆ ತಿಳಿಯದ ವಿಷಯವಲ್ಲ. ನನ್ನ ಅಕ್ಕನಿಗೂ ಹಾಗೆಯೇ ಆಗಿತ್ತು. ನಾನು ಕಾಲೇಜಿನಲ್ಲಿ ಕಲಿತು ಬಂದು ಕೇಳುತ್ತಿದ್ದದ್ದು ಅವೇ ಪ್ರಶ್ನೆಗಳು ಎಂಬುದು ಮಾತ್ರ ಹೊಳೆದಿರಲಿಲ್ಲ.

‘ನಾನು ನಿಜವಾಗ್ಲೂ ಕಾಲೇಜಿಂದ ಬಂದಿರೋದು.’

‘ಎಲ್ಲಾರೂ ಹಂಗ ಅಂತಾರ್ರಿ. ನಮ್ಮ ಚಿಗವ್ವನ ಮದಿವ್ಯಾಗ ಬಂದಾಕಿ ಬಳಿ ಮಾರಾಕಿ ಆಗಿ ಬಂದಿದ್ಲಂತ.’

ನಾನು ಮತ್ತೆ ಮೇಲಕ್ಕೆ ಹೋದೆ. ಅವಳು ನನ್ನನ್ನು ದಾಟಿಕೊಂಡು ಅಡುಗೆಮನೆಗೆ ಹೊಕ್ಕಳು. ಅವಳು ಹೇಳಿದ್ದನ್ನು ನಾನು ಬಾಯಿಬಿಡಲಿಲ್ಲ. ಅದು ನನ್ನದಲ್ಲದ ಮಾತು. ಯಾವ ಗಂಡಿನ ಕಡೆಯವಳೂ ಅಲ್ಲ ಎಂದಷ್ಟೇ ಹೇಳಿ ತಾಯಿಯ ಕೈಗೆ ಕಾಲೇಜಿನ ಐಡಿ ಕಾರ್ಡ್ ಕೊಟ್ಟೆ. ಅವರು ಫೋಟೋವನ್ನೂ ನನ್ನನ್ನೂ ಹೋಲಿಸಿ ನೋಡಿದರು. ಹೊಸ ಚಾದರ, ರೇಷ್ಮೆ ಸೀರೆ ಎಲ್ಲ ದಂಡವಾಯಿತೆಂದು ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಬಿಗಿಯಿತು.

‘ಹಂಗಾರ ಅವರು ಯಾರನ್ನೂ ಕಳಿಸೇ ಇಲ್ಲೇನ್ರಿ?’

‘ನನಗೆ ಗೊತ್ತಿಲ್ಲ. ನನ್ನನ್ನಂತೂ ಕಳಿಸಿಲ್ಲ.’

‘ನಿಮ್ಮನ್ನ ಬಿಟ್ರ ಯಾರೂ ಬಂದಿಲ್ರಿ.’ ಕಾರ್ಡನ್ನು ಮಗುಚಿ ಹಿಂಬದಿಯನ್ನೂ ನೋಡಿದರು. ‘ಹೆಣ್ಣಿನ ಮನಿ ವಿಚಾರ ಮಾಡದ ಹೂಂ ಅಂದಾರ ಅಂದ್ರ, ಅವರ ಮನ್ಯಾಗ ಏನೋ ಐಬ ಐತ್ರಿ.’

ಕಾರ್ಡನ್ನು ಹಿಂದಿರುಗಿಸುವುದನ್ನೂ ಮರೆತು, ನನ್ನೆದುರೇ ಸಂಬಂಧ ತಂದಿದ್ದ ಮಧ್ಯಸ್ಥರಿಗೆ ಫೋನ್ ಮಾಡಿದರು. ‘ಅಣ್ಣಾರ, ನಿಶ್ಚಯ ಈಗ ಬ್ಯಾಡ್ರಿ. ಅವರ ಓಣ್ಯಾಗ ನಾವು ನಾಕ ಮಂದೀನ ಕೇಳಬೇಕಾಗೇತಿ.’

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಆಮೇಲೆ, ಕೆಳಗಿನ ಮನೆಗೂ ಕೇಳುವಷ್ಟು ಜೋರಾಗಿ, ಮತ್ತೆ ಶುರುವಾಯಿತು.