ಸುಂಕಪ್ಪ ತೂಗಿದ ಹೂಳು

ನಮ್ಮ ನಾಗಲದಿನ್ನೆಯ ಸುಂಕಪ್ಪ ಇಪ್ಪತ್ತೆಂಟು ವರ್ಷದಿಂದ ತುಂಗಭದ್ರೆಯ ಹೂಳು ತೂಗುತ್ತಿದ್ದಾನೆ. ಬೆಳಿಗ್ಗೆ ಎಂಟಕ್ಕೆ ನದಿ ಅಳತೆಯ ಕಚೇರಿಯ ದೋಣಿಯಲ್ಲಿ ನಡುಹೊಳೆಗೆ ಹೋಗಿ ಸೀಸೆ ಇಳಿಸಬೇಕು. ತುಂಬಿದ ನೀರನ್ನು ಕಾಗದದಲ್ಲಿ ಸೋಸಿ, ಒಣಗಿಸಿ, ಉಳಿದ ಮಣ್ಣನ್ನು ಪುಟ್ಟ ತಕ್ಕಡಿಯಲ್ಲಿ ಇಡಬೇಕು. ತೂಕ ಬರೆದುಕೊಂಡ ಮೇಲೆ ಕಾಗದವೂ ಮಣ್ಣೂ ಬುಟ್ಟಿಗೆ ಹೋಗುತ್ತವೆ.

"ಸರ್ಕಾರ ಸಂಬಳ ಕೊಟ್ಟು ಕೆಸರು ತೂಗಸ್ತೈತಲ್ಲೋ!" ಎಂದು ನಾನು ಎಷ್ಟೋ ಸಲ ಕೆಣಕಿದ್ದೇನೆ. ನಾನು ರಾಘಣ್ಣ, ಇದೇ ಊರಿನ ಶಾಲೆಯಲ್ಲಿ ಭೂಗೋಳ ಹೇಳಿ ನಿವೃತ್ತನಾದವನು. ನನಗೆ ಬುದ್ಧಿ ಇದ್ದಿದ್ದರೆ ಆಗ ನಗುತ್ತಿರಲಿಲ್ಲ.

ಸುಂಕಪ್ಪನ ಜೊತೆ ಅದೇ ದೋಣಿಯಲ್ಲಿ ಹತ್ತು ವರ್ಷ ಕೆಲಸ ಮಾಡಿದವನು ನಾಗಭೂಷಣ. ನಮ್ಮ ತುಂಗಭದ್ರೆಯನ್ನು ಕೂಡಿಕೊಂಡ ಕೃಷ್ಣೆ ಸಮುದ್ರ ಸೇರುವ ಕಡೆಯವನು. ಅವನ ಮಗ ಲಕ್ಷ್ಮಿಕಾಂತ್ ನನ್ನ ಶಾಲೆಯಲ್ಲೇ ಕನ್ನಡ ಕಲಿತ. ಗೆಳೆಯರಿಬ್ಬರೂ ಬೀಗರಾಗೋಣವೆಂದುಕೊಂಡರು. ಆದರೆ ಸುಂಕಪ್ಪನವರ ಪೈಕಿ ಒಂದು ಪದ್ಧತಿ ಇದೆ. ಹೆಣ್ಣು ಕೊಡುವ ಮುಂಚೆ ಗಂಡಿನ ಕಡೆಯ ಹೊಲಕ್ಕೆ ಹೋಗಿ, ಹಿಡಿ ಮಣ್ಣನ್ನು ನೀರಲ್ಲಿ ನೆನೆಸಿ ಅಂಗೈಯಲ್ಲಿ ಹೊಸೆಯುತ್ತಾರೆ. ಎಳೆಯಾಗಿ ನಿಂತರೆ ಸಂಬಂಧ, ಮುರಿದರೆ ಇಲ್ಲ. ಸುಂಕಪ್ಪ ಅಷ್ಟು ದೂರ ಹೋಗಿ ಹೊಸೆದು ಬಂದು ಹಿಗ್ಗಿನಲ್ಲಿ ಹೇಳಿದ:

"ಬೆರಳಿಗೆ ಉಂಗುರದಂಗ ಸುತ್ತಿದೆ ಸಾರ್! ನಮ್ಮ ಹೊಳಿ ಮಣ್ಣೇ ಅದು. ನಮ್ಮ ಮುಂದ ಹರದು ಹೋಗಿದ್ದು ಅಲ್ಲಿ ಕುಂತೈತಿ. ನನ್ನ ಮಗಳು ಬ್ಯಾರೆ ಮಣ್ಣಿಗೆ ಹೋಗಂಗೇ ಇಲ್ಲ."

"ಮುಖಜ ಭೂಮಿ ಅದು, ಹೊಳಿ ತಂದ ಹೂಳಿನಿಂದ ವರ್ಷಾ ವರ್ಷಾ ಬೆಳೀತಾನೇ ಇರ್ತೈತಿ" ಎಂದು ನಾನೂ ಪಾಠದ ಸಾಲು ಒಪ್ಪಿಸಿದೆ. ಸುಂಕಪ್ಪನ ಮಗಳು ನಾಗಜ್ಯೋತಿಗೂ ಲಕ್ಷ್ಮಿಕಾಂತನಿಗೂ ಮದುವೆ ಆಯಿತು.

ಹನ್ನೊಂದು ವರ್ಷ ಕಳೆದು, ಹೋದ ಮಾಘದಲ್ಲಿ ಅವಳ ಫೋನು ಬಂತು. ಮಾವ ನಾಗಭೂಷಣ ತೀರಿಕೊಂಡು ವರ್ಷವಾಗಿತ್ತು. ಹಳೆ ಮನೆಯ ನೆಲ ಬೇಸಿಗೆಯಲ್ಲೂ ಒದ್ದೆ. ಅದೇ ಜಾಗದಲ್ಲಿ ನಾಲ್ಕಡಿ ಎತ್ತರಿಸಿ ಹೊಸ ಮನೆ ಕಟ್ಟುತ್ತಾರಂತೆ. ಅಡಿಪಾಯಕ್ಕೆ ಮೊದಲ ಹಿಡಿ ತವರಿನ ಮಣ್ಣು ಬೀಳಬೇಕು, ಅಪ್ಪ ತರಬೇಕು.

ಸುಂಕಪ್ಪ ಹೊಳೆದಂಡೆಯ ಮೆಕ್ಕಲು ಮಣ್ಣು ಬಗೆದು ಚೀಲ ಕಟ್ಟಿದ. ಮೂವತ್ತು ವರ್ಷ ಪಾಠ ಹೇಳಿದ ಮುಖಜ ಭೂಮಿಯನ್ನು ಒಮ್ಮೆಯೂ ಕಾಣದ ನಾನು, ನಾಚಿಕೆ ಬಿಟ್ಟು ಜೊತೆಗೆ ಹೊರಟೆ. ಆದೋನಿಯಲ್ಲಿ ರೈಲು ಹತ್ತಿದೆವು. ಚೀಲವನ್ನು ಅವನು ತೊಡೆಯಿಂದ ಇಳಿಸಲಿಲ್ಲ.

ಅಲ್ಲಿ ಕಂಡದ್ದು ನನ್ನ ಪುಸ್ತಕದಲ್ಲಿ ಇರಲಿಲ್ಲ. ಗದ್ದೆಯ ಮೇಲೆ ಬಿಳಿ ಉಪ್ಪು. ಸುಳಿ ಬಿದ್ದ ತೆಂಗುಗಳು. ಕೈಪಂಪಿನ ನೀರು ಬಾಯಿಗೆ ಹಾಕಿ ಉಗುಳಿದೆ. ಸುಂಕಪ್ಪ ಗದ್ದೆಯ ಮಣ್ಣು ಹಿಡಿದು ಹೊಸೆದ. ಎಳೆ ಚೆನ್ನಾಗಿಯೇ ನಿಂತಿತು. ಅದನ್ನು ನಾಲಿಗೆಗೆ ಮುಟ್ಟಿಸಿದ, ಮುಖ ಕಿವುಚಿದ.

"ಅಮಾವಾಸಿ ಪೌರ್ಣಮಿಗೆ ಸಮುದ್ರ ಕಾಲುವಿ ಹಿಡದು ಒಳಗ ಬರತೈತಿ ಮಾಮಾ" ಎಂದ ಲಕ್ಷ್ಮಿಕಾಂತ್. "ಅದು ಏರತೈತಿ, ಇಲ್ಲಿ ನೆಲ ಕುಸೀತೈತಿ. ಮೊದಲು ಪ್ರವಾಹಕ್ಕ ಹೊಸ ಒಂಡ್ರುಮಟ್ಟಿ, ಅದೇ ನಿಮ್ಮ ಹೂಳು, ಬಂದು ಕೂಡತಿತ್ತು, ನೆಲ ಮ್ಯಾಲ ಬರತಿತ್ತು. ಈಗ ಅದು ಬರಲ್ಲ."

"ಅದೆಲ್ಲಿ ಹೋತಪ್ಪಾ?" ಎಂದೆ.

ಸುಂಕಪ್ಪ ಹೇಳಿದ: "ನನಗ ಗೊತ್ತೈತಿ ಸಾರ್. ನಮ್ಮ ಮ್ಯಾಲ ಆಣೆಕಟ್ಟು, ನಮ್ಮ ಕೆಳಗ ಸಾಲು ಆಣೆಕಟ್ಟು. ಎಲ್ಲಾ ಅಲ್ಲೇ ನಿಂತೈತಿ. ನಾ ನೌಕರಿಗೆ ಸೇರಿದಾಗ ಸೀಸೆಗೆ ಒಂದು ಚಿಟಿಕಿ ಮಣ್ಣು ಬರತಿತ್ತು. ಈಗ ಕಾಗದಕ್ಕ ಬಣ್ಣ ಹತ್ತತೈತಿ, ಅಷ್ಟೇ. ಈ ಕೈಲೇ ತೂಗೀನಿ, ಈ ಕೈಲೇ ಬರದೀನಿ. ಅದೇ ಕೈಲೆ ಇಲ್ಲಿ ಹಳೇ ಮಣ್ಣು ಹೊಸೆದು ನೋಡಿ ಮಗಳನ್ನ ಕೊಟ್ಟೀನಿ. ಹೊಸಾ ಮಣ್ಣು ಬರತೈತೋ ಇಲ್ಲೋ ಅಂತ ಒಂದು ಸಲಾನೂ ಕೇಳಕಂಡಿಲ್ಲ."

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ಆ ಬುಡದಲ್ಲಿ ನಾನೂ ಕೂತಿದ್ದೆ.

ಅಡಿಪಾಯದ ಗುಂಡಿ ತಯಾರಾಗಿತ್ತು. ಗೂಟಗಳಿಗೆ ದಾರ ಕಟ್ಟಿ ಮೇಸ್ತ್ರಿ ಕಾಯುತ್ತಿದ್ದ. ನಾಗಜ್ಯೋತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು.

"ಅಪ್ಪಾ, ಹೊತ್ತು ಮೀರತೈತಿ. ಮಣ್ಣು ಹಾಕು."

ಸುಂಕಪ್ಪ ಚೀಲವನ್ನು ಎದೆಗೆ ಒತ್ತಿಕೊಂಡ. "ಹಾಕಂಗಿಲ್ಲವ್ವ. ಇಲ್ಲಿ ಮನಿ ಬ್ಯಾಡ. ನಾಲ್ಕಡಿ ಏರಿಸಿದ್ರೂ ನಿನ್ನ ಮಕ್ಕಳ ಕಾಲಕ್ಕ ನೀರೇ."

ಅವಳ ಮುಖ ಕೆಂಪಾಯಿತು. "ಕೊಡಾವಾಗ ಮಣ್ಣು ನೋಡಿ ಕೊಟ್ಟಿ. ಈಗ ಅದೇ ಮಣ್ಣು ಬ್ಯಾಡ ಅಂತಿ. ನಾನೇನು ನಿನ್ನ ಸೀಸೆ ಏನು, ತುಂಬಿ ಚೆಲ್ಲಾಕ?"

"ತಪ್ಪು ನಂದವ್ವ" ಎಂದ ಸುಂಕಪ್ಪ. ಮಗಳ ಮುಂದೆ ಅವನು ಹಾಗೆ ನಿಂತದ್ದನ್ನು ನೋಡಲಾರದೆ ನಾನು ಗದ್ದೆಯ ಕಡೆ ತಿರುಗಿದೆ.

ಲಕ್ಷ್ಮಿಕಾಂತ್ ಮೆಲ್ಲಗೆ ಬಾಯಿ ಬಿಟ್ಟ. "ಸಮುದ್ರಕ್ಕ ದೂರ, ಎತ್ತರದಾಗಿರೋ ಮ್ಯಾಲಿನೂರಾಗ ನಮ್ಮಕ್ಕನ ಜಾಗ ಖಾಲಿ ಐತಿ. ಆಕಿ ಯಾವಾಗೋ ಕರದಾಳ. ನಾನೇ ಹೇಳಾಕ ಹೆದರಿದ್ದೆ. ಅಪ್ಪ ಇದ್ದ ಜಾಗ ಬಿಡೋದು ಹೆಂಗ ಅಂತ."

ನಾಗಜ್ಯೋತಿ ತಟ್ಟೆ ಕೆಳಗಿಟ್ಟು, ಅಪ್ಪನ ಕೈಯಿಂದ ಚೀಲ ತೆಗೆದುಕೊಂಡಳು. ಎತ್ತಿ ಭಾರ ನೋಡಿದಳು.

"ಎಷ್ಟೈತಿ ಇದು?"

"ಐದು ಕಿಲೋ ಇರಬೇಕು."

"ಹೊಳ್ಯಾಗ ಸೀಸೆ ಬಿಟ್ಟು ಇಷ್ಟು ಸೋಸಾಕ ಎಷ್ಟು ವರ್ಷ ಹಿಡೀತೈತಿ?"

ಸುಂಕಪ್ಪ ಲೆಕ್ಕದಲ್ಲಿ ಎಂದೂ ತಪ್ಪಿದವನಲ್ಲ. ಸ್ವಲ್ಪ ಹೊತ್ತು ಬೆರಳು ಮಡಚಿದ.

"ನನ್ನ ಇಡೀ ನೌಕರಿ" ಎಂದ.

ಅವಳು ಆ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡಳು, ಮಗುವನ್ನು ಎತ್ತಿಕೊಂಡ ಹಾಗೆ. "ಹಂಗಾದ್ರ ಇದನ್ನ ಉಪ್ಪಿಗೆ ಹಾಕಂಗಿಲ್ಲ, ಮ್ಯಾಲಿನೂರಿಗೇ ಒಯ್ಯೋಣು" ಎಂದು ಗುಂಡಿಯ ಹತ್ತಿರ ಹೋಗಿ ಮೊದಲ ಗೂಟವನ್ನು ತಾನೇ ಕಿತ್ತಳು.